ತೇಯ್ದ ಬೀಜದ ಪಾಳಿ

ಅವರ ಎಡಗೈಯ ಕಿರುಬೆರಳಿಗೆ ಉಗುರಿರಲಿಲ್ಲ. ಕೈ ತೊಳೆಯುವ ಕಾರ್ಬಾಲಿಕ್ ನೀರಿನಲ್ಲಿ ಅದ್ದಿ ಅದ್ದಿ ಬಿದ್ದುಹೋಗಿತ್ತಂತೆ. ವಿಷಮಜ್ವರ ಬಂದು ಹುಬ್ಬಳ್ಳಿಯ ದವಾಖಾನೆಯ ಹಿಂದಿನ ತಗಡಿನ ಷೆಡ್ಡಿನಲ್ಲಿ ಮಲಗಿದ್ದ ನನಗೆ, ಆ ತಣ್ಣನೆಯ ಬೆರಳು ಹಣೆಗೆ ತಾಗಿದರೆ ಕಣ್ಣು ತೆರೆಯದೆಯೇ ಗೊತ್ತಾಗುತ್ತಿತ್ತು, ನರ್ಸಬಾಯಿ ಬಂದರೆಂದು.

ಅಂಟುರೋಗದ ಆ ಷೆಡ್ಡಿಗೆ ಬರಲು ಎಲ್ಲ ನರ್ಸುಗಳೂ ಅಂಜುತ್ತಿದ್ದರು. ಮೇಟ್ರನ್ ತನಗೆ ಬೇಕಾದವರನ್ನು ಹೆರಿಗೆ ವಾರ್ಡಿಗೆ ಹಾಕಿ, ಹಿಂದೆಮುಂದೆ ಯಾರೂ ಇಲ್ಲದ ವಿಧವೆಯರನ್ನೇ ಇಲ್ಲಿಗೆ ಅಟ್ಟುತ್ತಿದ್ದಳು. ಅದನ್ನು ನಿಲ್ಲಿಸಿದವರು ನಮ್ಮ ನರ್ಸಬಾಯಿ. ತಲೆಗೊಂದು ಹುಣಸೆ ಬೀಜ. ಒಂದನ್ನು ಮಾತ್ರ ಕಲ್ಲಿಗೆ ತೇಯ್ದು ಬಿಳಿ ಮಾಡಿ, ಎಲ್ಲವನ್ನೂ ಚೀಲಕ್ಕೆ ಹಾಕಿ, ಬೆಳಿಗ್ಗೆ ಒಬ್ಬೊಬ್ಬರೂ ನೋಡದೆ ಎತ್ತುವುದು. ಬಿಳಿ ಬಂದವರಿಗೆ ಅಂದಿನ ಷೆಡ್ಡು.

“ದವಾಖಾನ್ಯಾಗ ಚೌಕಾಬಾರಾ ಆಡ್ತೀರೇನ?” ಎಂದಳಂತೆ ಮೇಟ್ರನ್.

“ಹೌದ್ರಿ ಬಾಯಾರ. ನೀವೂ ಒಂದು ಎತ್ತರಿ.”

ಈ ಕೆಲಸ ಬೇಸರವಲ್ಲವೇ ಎಂದು ಒಮ್ಮೆ ಕೇಳಿದ್ದೆ. “ಕೆಲಸ ಸೇರತೈತಿ ತಮ್ಮಾ. ನನ್ನ ಪಾಳಿ ಬಂದ್ರ ಖುಷೀಲೇ ಬರ್ತೇನಿ. ಮಂದಿ ಪಾಳಿ ನನ್ನ ಕೊರಳಿಗೆ ಕಟ್ಟಿದ್ರ ಸಿಟ್ಟು ಬರತೈತಿ.”

ಆಮೇಲೆ ಅವರು ಬರಲಿಲ್ಲ. ನಮ್ಮ ಜ್ವರವೇ ಅಂಟಿ ತೀರಿಹೋಗಿದ್ದರು. ನನಗೆ ಯಾರೂ ಹೇಳಿರಲಿಲ್ಲ. ಅವರ ಪಾಲಿನ ಬೀಜವನ್ನು ತೆಗೆಯಲು ಉಳಿದವರಿಗೆ ಮನಸ್ಸಾಗಲಿಲ್ಲ. ಎಲ್ಲರೂ ಎತ್ತಿದ ಮೇಲೆ ಒಂದು ಬೀಜ ಚೀಲದಲ್ಲೇ ಉಳಿಯುತ್ತಿತ್ತು. ಒಂದು ಬೆಳಿಗ್ಗೆ ಎಲ್ಲರ ಕೈಗೂ ಕರಿಯದೇ ಬಂತು. ಬಿಳಿಯದು ಚೀಲದಲ್ಲಿತ್ತು. ಮೇಟ್ರನ್ ಮತ್ತೆ ತನಗೆ ಬೇಕಾದಂತೆ ಹೆಸರು ಹೇಳತೊಡಗಿದಳು, ನರ್ಸುಗಳು ಒಪ್ಪಲಿಲ್ಲ. ಆ ಜಗಳದಲ್ಲಿ ಷೆಡ್ಡಿನ ನೆನಪು ಯಾರಿಗೂ ಆಗಲಿಲ್ಲ.

ಮಧ್ಯಾಹ್ನ ಹಿರಿಯ ನರ್ಸೊಬ್ಬಳು ಓಡಿಬಂದಳು. ನಮ್ಮ ಮೈ ಒರೆಸಿಯಾಗಿತ್ತು. ಗಂಜಿ ಕುಡಿಸಿಯಾಗಿತ್ತು.

“ಯಾರು ಬಂದಿದ್ರು?”

“ನಮ್ಮ ನರ್ಸಬಾಯಾರು ಬಂದಿದ್ರಲ್ರಿ. ಇಷ್ಟ ದಿನಾ ಎಲ್ಲಿ ಹೋಗಿದ್ರಿ ಅಂತ ಕೇಳಿದೆ. ನಕ್ಕರು.”

ಅವಳು ಸೆರಗನ್ನು ತಲೆತುಂಬ ಎಳೆದುಕೊಂಡು ನನ್ನ ಕಾಲ ಬಳಿ ಕುಳಿತುಬಿಟ್ಟಳು.

ನಾನು ವಿಜ್ಞಾನ ಓದಿದವನು. ಕಸಗುಡಿಸುವವಳು ಮಾಡಿರಬೇಕು ಅನ್ನುತ್ತೇನೆ. ಜ್ವರದ ಭ್ರಾಂತಿ ಅನ್ನುತ್ತೇನೆ. ಬೀಜದ ಸಂಗತಿ ಆಮೇಲೆ ಕೇಳಿ, ಅಂದು ಹಣೆಗೆ ತಾಗಿದ ಆ ತಣ್ಣನೆಯ ಬೆರಳನ್ನು ನಾನೇ ನೆನಪಿಗೆ ಹೊಲಿದುಕೊಂಡೆನೋ ಏನೋ.

ಗುಣವಾಗಿ ಮನೆಗೆ ಹೊರಟ ದಿನ, ಆ ಹಿರಿಯ ನರ್ಸು ಷೆಡ್ಡಿನ ಮುಂದಿನ ಬೇವಿನ ಬುಡದಲ್ಲಿ ಮಣ್ಣು ಕೆದರುತ್ತಿದ್ದಳು. ಚೀಲಕ್ಕೆ ಹೊಸದೊಂದು ಬೀಜ ತೇಯ್ದು ಹಾಕಿದ್ದರಂತೆ. ಅಂದು ಚೀಲದಲ್ಲಿ ಉಳಿದಿದ್ದ ಹಳೆಯ ಬಿಳಿ ಬೀಜವನ್ನು ಹುಗಿದು ಅಂಗೈಯಿಂದ ತಟ್ಟಿದಳು.

“ನಿನ್ನ ಪಾಳಿ ಮುಗೀತವಾ. ಇನ್ನ ಮಕ್ಕೋ.”

ಆ ಬೇವಿನ ನೆರಳು ದಾಟುವಾಗ ನನ್ನ ಹಣೆಗೆ ತಣ್ಣನೆಯದೇನೋ ತಾಗಿತು. ಅಂದು ನನಗೆ ಜ್ವರವಿರಲಿಲ್ಲ.