ಇಡೀ ಶಾಲೆ ಹುಟ್ಟಿದ ದಿನ

ಇವತ್ತು ಬೆಳಿಗ್ಗೆ ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದೆ, ಹೊಸ ಅಚ್ಚು ಬೆಲ್ಲದ ವಾಸನೆ ಮೂಗಿಗೆ ಬಡಿಯಿತು. ಅದೇ ಹೊತ್ತಿಗೆ ಫೋನು ಟಿಣ್ ಟಿಣ್ ಎನ್ನತೊಡಗಿತು. ಜೂನ್ ಒಂದು. ಕ್ಯಾತನಹಳ್ಳಿಯಲ್ಲಿ ನನ್ನ ಜೊತೆ ಓದಿದವರೆಲ್ಲ ಒಬ್ಬರಿಗೊಬ್ಬರು ಹುಟ್ಟುಹಬ್ಬದ ಶುಭಾಶಯ ಕಳಿಸಿಕೊಳ್ಳುತ್ತಿದ್ದರು. ಒಬ್ಬನಂತೂ ತನಗೆ ತಾನೇ ಹೇಳಿಕೊಂಡಿದ್ದ. ನಗು ಬಂತು, ಹಿಂದೆಯೇ ಹೆಡ್ ಮೇಷ್ಟ್ರು ನೆನಪಾದರು...

ನಮ್ಮೆಲ್ಲರನ್ನೂ ಜೂನ್ ಒಂದರಂದು ಹುಟ್ಟಿಸಿದವರು ಅವರೇ. ಶಾಲೆಗೆ ಸೇರಿಸಲು ಬಂದ ಅಪ್ಪ ಅವ್ವಂದಿರಿಗೆ ಮಗು ಹುಟ್ಟಿದ ತಾರೀಖು ಗೊತ್ತಿರುತ್ತಿರಲಿಲ್ಲ. ಮೇಷ್ಟ್ರು ಮಗುವಿನ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ನೋಡುವರು. ಬೆರಳು ಎಡಗಿವಿ ಮುಟ್ಟಿದರೆ ವಯಸ್ಸಾಯಿತು ಎಂದು ಲೆಕ್ಕ. ಹುಟ್ಟಿದ್ದು ಜೂನ್ ಒಂದು ಎಂದು ಬರೆದುಕೊಳ್ಳುವರು.

ಅವರಿಗೆ ಇನ್ನೊಂದು ಹುಚ್ಚಿತ್ತು. ದಿನಾ ಪ್ರಾರ್ಥನೆಯಾದ ಮೇಲೆ ಆ ತಾರೀಖಿನಂದು ಲೋಕದಲ್ಲಿ ಏನೇನಾಗಿತ್ತು, ಯಾರ್ಯಾರು ಹುಟ್ಟಿದ್ದರು ಎಂದು ಓದುವರು. ಕೊನೆಯಲ್ಲಿ ಆ ದಿನ ಹುಟ್ಟಿದ ನಮ್ಮ ಮಕ್ಕಳ ಹೆಸರು, ಅವರ ಕೈಗೊಂದು ಚೂರು ಬೆಲ್ಲ. ಜೂನ್ ಒಂದರಂದು ಒಬ್ಬ ಹಿಂದಿ ಸಿನಿಮಾ ತಾರೆಯ ಹಿಂದೆ ಇಡೀ ಶಾಲೆ ಸಾಲುಗಟ್ಟಿ ಹುಟ್ಟುತ್ತಿತ್ತು. ಮಿಕ್ಕ ದಿನವೆಲ್ಲ ಬರೀ ಪರಸ್ಥಳದವರು.

ನನಗೋ, ಕೇಳದಿದ್ದರೆ ಉಂಡದ್ದು ಅರಗದು. ನಾಲ್ಕನೇ ಕ್ಲಾಸಿನಲ್ಲಿ ಒಂದು ದಿನ ಎದ್ದು ನಿಂತು ಕೇಳಿಯೇಬಿಟ್ಟೆ. "ಸಾ, ಮಿಕ್ಕಿದ್ ದಿನ ನಮ್ಮೂರಲ್ಲಿ ಯಾರೂ ಉಟ್ಟೇ ಇಲ್ವಾ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಉಟ್ಟವ್ರೆ ಕಣವ್ವ. ನಾನೇ ಎಲ್ಲಾರ್ನೂ ಒಂದೇ ದಿನ ಹೆತ್ತು ಕೂತಿವ್ನಿ."

"ಅಂಗಾದ್ರೆ ನಂದ್ಯಾವ್ ದಿನ?"

ಅವರು ಕನ್ನಡಕ ಏರಿಸಿಕೊಂಡು ಹಾಜರಿ ಕೂಗತೊಡಗಿದರು. ನನಗೆ ಅಳು ಬಂತು. ನನ್ನದೇ ಎನ್ನುವ ಒಂದು ದಿನ ಬೇಕಿತ್ತು, ಅಷ್ಟೇ... ಗುಂಪಿನಲ್ಲಿ ಸಿಕ್ಕಿದ್ದಲ್ಲ.

ಆ ಸಂಜೆ ಮೇಷ್ಟ್ರು ನಮ್ಮ ಜಗಲಿಗೆ ಬಂದು ಕೂತರು. ಅವ್ವ ತಲೆ ಕೆರೆದುಕೊಂಡಳು. "ತೌರಲ್ಲಿದ್ದೆ ಸಾ. ಅವರೆಕಾಯಿ ಬರೋ ಕಾಲ. ನಮ್ಮಪ್ಪ ಸಂತೆಬಾಚಳ್ಳಿ ಸಂತೆಯಿಂದ ಬಂದು ಕುಕ್ಕೆ ಇಳ್ಸುದ್ನೋ ಇಲ್ವೋ, ನೋವು ಬಂದ್ಬುಡ್ತು." ಅಷ್ಟರಲ್ಲಿ ಮಜ್ಜಿಗೆ ತಾ ಎಂದು ನನ್ನನ್ನು ಒಳಗೆ ಅಟ್ಟಿದಳು. ಆಮೇಲಿನ ಮಾತು ಕೇಳಿಸಲಿಲ್ಲ.

ನವೆಂಬರ್ ಬಂತು. ಹನ್ನೊಂದನೇ ತಾರೀಖು ಪ್ರಾರ್ಥನೆಯಲ್ಲಿ ಮೇಷ್ಟ್ರು ಓದಿದರು: ಮೊದಲ ಮಹಾಯುದ್ಧ ನಿಂತ ದಿನ, ದೇಶದ ಮೊದಲ ಶಿಕ್ಷಣ ಮಂತ್ರಿ ಹುಟ್ಟಿದ ದಿನ. ಆಮೇಲೆ ನನ್ನ ಹೆಸರು. ನನ್ನದೊಂದೇ. ಬೆಲ್ಲವನ್ನು ಬಾಯಿಗಿಡುವುದೂ ಮರೆತು ನಿಂತಿದ್ದೆ, ಅಂಗೈಯೆಲ್ಲ ಅಂಟಾಯಿತು. ಆ ಶಾಲೆ ಬಿಡುವವರೆಗೂ ಪ್ರತಿ ವರ್ಷ ತಪ್ಪದೆ ಓದಿದರು.

ಹೋದ ವರ್ಷ ಮೇಷ್ಟ್ರು ತೀರಿಕೊಂಡ ಸುದ್ದಿ ಕೇಳಿ ಪಾಂಡವಪುರದ ಅವರ ಮನೆಗೆ ಹೋದೆ. ಹಾರ ಹಾಕಿದ ಫೋಟೋದ ಕೆಳಗೆ ಅವರ ಜನನದ ತಾರೀಖಿತ್ತು. ನವೆಂಬರ್ ಹನ್ನೊಂದು. ತಲೆಗೆ ಹುಳ ಬಿಟ್ಟಂತಾಯಿತು. "ಅಮ್ಮಾ, ಇದು ನನ್ ದಿನ ಅಲ್ವಾ?" ಎಂದು ಅವರ ಹೆಂಡತಿಯನ್ನು ಕೇಳಿದೆ.

"ನಿಮ್ಮವ್ವಂಗೆ ಕಾಲ ಗ್ಯಪ್ತಿ ಇತ್ತು, ದಿನ ಇರ್ನಿಲ್ಲ ಕಣವ್ವ," ಎಂದರು ಅವರು. "ಅವತ್ತು ಮನೆಗ್ ಬಂದೋರು, 'ನಾನ್ ಉಟ್ಟಿದ್ ದಿನ ಒಂದು ಸುಮ್ಕೆ ಬಿದ್ದದೆ, ಆ ಮಗೀಗೆ ಕೊಟ್ಬುಟ್ಟೆ ಕಣೆ' ಅಂದ್ರು. ಆಮೇಕೆ ಆ ದಿನ ನಾನು ಪಾಯ್ಸ ಮಾಡ್ತೀನಿ ಅಂದ್ರೂ ಬ್ಯಾಡ ಅನ್ನೋರು. ಕೊಟ್ಟಿದ್ನ ತಿರ್ಗ ಈಸ್ಕಬಾರ್ದಂತೆ."

ನಾನು ಆ ಫೋಟೋದ ಮುಂದೆ ಕೂತು ಅತ್ತೆ. ಅವರ ಹುಟ್ಟಿದ ದಿನಗಳನ್ನೆಲ್ಲ ನಾನು ತಿಂದು ಮುಗಿಸಿದ್ದೆ, ನನಗೇ ಗೊತ್ತಿಲ್ಲದೆ...

ಫೋನು ಇನ್ನೂ ಟಿಣ್ ಎನ್ನುತ್ತಲೇ ಇದೆ. ಒಬ್ಬೊಬ್ಬರಿಗೂ ಉತ್ತರ ಬರೆದೆ. ನಾನು ನಿಜಕ್ಕೂ ಯಾವ ದಿನ ಹುಟ್ಟಿದೆನೋ ಇನ್ನು ಯಾರಿಗೂ ತಿಳಿಯದು. ಎಲ್ಲವನ್ನೂ ಕೆದಕಿ ಕೇಳುವ ನನಗೆ ಅದೊಂದು ಈಗ ಬೇಕಿಲ್ಲ. ಬರುವ ನವೆಂಬರ್ ಹನ್ನೊಂದಕ್ಕೆ ಕೈಯಲ್ಲೊಂದು ಚೂರು ಬೆಲ್ಲ ಹಿಡಿದು ನಾನೇ ಓದಬೇಕು: ಯುದ್ಧ ನಿಂತ ದಿನ, ಶಿಕ್ಷಣ ಮಂತ್ರಿ ಹುಟ್ಟಿದ ದಿನ, ನಮ್ಮ ಮೇಷ್ಟ್ರು ಹುಟ್ಟಿದ ದಿನ. ಅಷ್ಟು ಓದಬಲ್ಲೆ. ಅದಾದ ಮೇಲೆ ನನ್ನ ಹೆಸರು ಓದಲು ಅವರಿಲ್ಲ.