ಟಾಕಿಯ ನೀರು, ಎರಡು ಬಾತುಕೋಳಿ

ಬೆಟಗೇರಿಯಲ್ಲಿ ಬಾತುಕೋಳಿ ಸಾಕುತ್ತೇನೆಂದರೆ ಯಾರು ನಗುವುದಿಲ್ಲ? ನಮ್ಮ ಓಣಿಯವರೆಲ್ಲ ನಕ್ಕರು. ಕುಡಿಯುವ ನೀರಿಗೇ ವಾರಗಟ್ಟಲೆ ಕಾಯುವ ಊರು ಇದು. ನಳ ಬಂತೆಂದರೆ ಮದುವೆ ಮನೆಯ ಊಟ ಬಿಟ್ಟು ಎದ್ದು ಓಡಿಬರುವ ಜನ ನಾವು. ಆದರೆ ನಾನು ಹುಟ್ಟಿ ಬೆಳೆದದ್ದು ಮುಂಡರಗಿ ಕಡೆಯ ಹೊಳೆದಂಡೆಯಲ್ಲಿ. ತವರಿಗೆ ಹೋದಾಗ ಎರಡು ಮರಿಗಳನ್ನು ಬುಟ್ಟಿಯಲ್ಲಿಟ್ಟು, ಮೇಲೊಂದು ಹಳೆಯ ಸೀರೆ ಮುಚ್ಚಿ, ಬಸ್ಸಿನಲ್ಲಿ ತಂದೇಬಿಟ್ಟೆ. ನನಗೆ ಬೇಕೆನ್ನಿಸಿತ್ತು, ಅಷ್ಟೇ.

ನಮ್ಮ ಹಿತ್ತಲು ನಮ್ಮೊಬ್ಬರದಲ್ಲ. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡರೂ ಹಿತ್ತಲು, ಅದರಲ್ಲಿ ನೆಲ ತೋಡಿ ಕಟ್ಟಿಸಿದ ನೀರಿನ ಟಾಕಿ ಎರಡೂ ಮನೆಗೆ ಸೇರಿಯೇ ಉಳಿದಿವೆ. ಟಾಕಿಯ ಯಜಮಾನಿಕೆ ಮಾತ್ರ ನನ್ನ ಗಂಡನ ಅಣ್ಣನ ಹೆಂಡತಿಯದು, ಅಂದರೆ ನನ್ನ ನೆಗೆಣ್ಣಿಯದು. ಅವರು ಬುಟ್ಟಿಯೊಳಗೆ ಇಣುಕಿ ನೋಡಿದವರೇ ಶುರು ಮಾಡಿದರು.

"ತಲಿ ಗಿಲಿ ಕೆಟ್ಟೈತೇನ ನಿಂದು? ನಮಗ ಕುಡ್ಯಾಕ ನೀರಿಲ್ಲ, ಇವಕ್ಕ ಈಸಾಕ ಎಲ್ಲಿಂದ ತರ್ತಿ?"

"ಈಸೂದೇನ ಬ್ಯಾಡ ಬಿಡ್ರಿ ಅಕ್ಕಾರ. ಅಕ್ಕಿ ತೊಳದ ನೀರ, ಕಾಯಿಪಲ್ಲೆ ತೊಳದ ನೀರ ಸಾಕ."

"ಆತು, ಇಟಗೋ. ಆದ್ರ ಟಾಕ್ಯಾಗ ಒಂದ ಪುಕ್ಕ ಕಂಡ್ರೂ ಎರಡನ್ನೂ ಸಂತಿಗೆ ಒಯ್ಸತೇನಿ. ನೀ ಅತ್ರೂ ಕೇಳಂಗಿಲ್ಲ."

ಅವರು ಆಡಿದ್ದನ್ನು ಮಾಡುವ ಹೆಂಗಸು. ಅದೇ ನನಗೆ ಹೆದರಿಕೆ.

ಮಾವನವರ ಕಾಲದ ಮಗ್ಗ ಬಿಚ್ಚಿಟ್ಟ ಕಟ್ಟಿಗೆ ಅಟ್ಟದ ಮೇಲೆ ಬಿದ್ದಿತ್ತು. ಅದರಲ್ಲೇ ಚೌಕಟ್ಟು ಮಾಡಿಸಿ, ಸುತ್ತ ತಂತಿಬಲೆ ಹೊಡೆಸಿ, ಮೇಲೆ ತಗಡು ಹಾಕಿಸಿದೆ. ಕೆಳಗೆ ಉಸುಕು, ಉಸುಕಿನ ಮೇಲೆ ಒಣಹುಲ್ಲು. ಹುಲ್ಲು ಹಸಿಯಾದರೆ ಬಾತುಗಳ ಕಾಲು ಕೆಡುತ್ತವೆ, ಅದಕ್ಕೆ ಬದಲಿಸುತ್ತಲೇ ಇರಬೇಕು. ತೌಡು, ಜೋಳದ ನುಚ್ಚು ಕಲಸಿ ಹಾಕಿದರೆ ಮುಗಿಯಿತು ಅನ್ನುವ ಹಾಗಿಲ್ಲ. ತಲೆ ಅದ್ದಿ ಕಣ್ಣು, ಮೂಗು ತೊಳೆದುಕೊಳ್ಳುವಷ್ಟಾದರೂ ನೀರು ಬೇಕೇ ಬೇಕು. ಒಂದು ಹಳೆಯ ಪ್ಲಾಸ್ಟಿಕ್ ಟಬ್ ಇಟ್ಟಿದ್ದೆ. ಒಂದು ಬಾತು ಅದರಲ್ಲಿ ಕುಳಿತರೆ ಇನ್ನೊಂದು ಹೊರಗೆ ನಿಂತು ಒದರುತ್ತಿತ್ತು. ಉಳಿದ ರಾಡಿ ನೀರು ಕರಿಬೇವಿನ ಗಿಡಕ್ಕೆ. ದೇವರಾಣೆ, ಒಂದು ಹನಿ ಹಾಳು ಮಾಡಲಿಲ್ಲ. ನಳ ಬಂದ ದಿನ ಮಾತ್ರ ಗೂಡಿನ ಬಾಗಿಲಿಗೆ ಹಗ್ಗ ಬಿಗಿದು, ಮತ್ತೊಮ್ಮೆ ಎಳೆದು ನೋಡುತ್ತಿದ್ದೆ. ನೀರಿನ ಸಪ್ಪಳ ಕೇಳಿದರೆ ಅವಕ್ಕೆ ಹುಚ್ಚೇ ಹಿಡಿಯುತ್ತಿತ್ತು.

ಈ ಬೇಸಿಗೆಯಲ್ಲಿ ನಳ ಬಹಳ ದಿನ ಬರಲೇ ಇಲ್ಲ. ಟಾಕಿಯ ತಳ ಕಂಡಿತು. ಮನೆಯವರೆಲ್ಲರ ಸಿಟ್ಟು ನನ್ನ ಟಬ್ಬಿನ ಮೇಲೆ. ನೆಗೆಣ್ಣಿ ಅದನ್ನು ದಾಟಿ ಹೋಗುವಾಗಲೆಲ್ಲ ನನ್ನ ಮುಖ ನೋಡುತ್ತಿದ್ದರು. ಬೈದುಬಿಟ್ಟಿದ್ದರೆ ಚೆನ್ನಾಗಿತ್ತು.

ಒಂದು ಮಧ್ಯಾಹ್ನ ಗೂಡಿನ ಹುಲ್ಲು ಬದಲಿಸುತ್ತಿದ್ದೆ. ಓಣಿಯಲ್ಲಿ ಯಾರೋ ಕೂಗಿದರು, "ನಳ ಬಂತ್ರೇ!" ಕೈಯಲ್ಲಿದ್ದ ಹುಲ್ಲು ಅಲ್ಲೇ ಚೆಲ್ಲಿ ಓಡಿದೆ. ಟಾಕಿಯ ಮೇಲಿನ ತಗಡುಗಳನ್ನು ಪೂರ್ತಿ ಸರಿಸಿ ಒಳಗೆ ಪೈಪು ಬಿಟ್ಟೆವು. ಆಮೇಲೆ ನಾನೂ ನೆಗೆಣ್ಣಿಯೂ ನಮ್ಮ ನಮ್ಮ ಅಡುಗೆಮನೆಯ ನಳಕ್ಕೆ ಕೊಡ, ಹಂಡೆ, ಕೈಗೆ ಸಿಕ್ಕಿದ್ದೆಲ್ಲ ಹಿಡಿದೆವು. ನಳ ನಿಂತಿತು. ಸೆರಗಿನಿಂದ ಬೆವರು ಒರೆಸಿಕೊಳ್ಳುವಾಗ ನೆನಪಾಯಿತು. ಅಯ್ಯ ಶಿವನೇ, ಹಗ್ಗ! ಗೂಡಿನ ಬಾಗಿಲು ಕಟ್ಟಿಯೇ ಇರಲಿಲ್ಲ.

ಹಿತ್ತಲಿಗೆ ಓಡಿದೆ. ಒಂದು ಬಾತು ಟಾಕಿಯ ಕಟ್ಟೆಯ ಮೇಲೆ ನಿಂತು, ಒಳಗೆ ಬಗ್ಗಿ ಬಗ್ಗಿ ನೋಡುತ್ತ ಒದರುತ್ತಿತ್ತು. ಇನ್ನೊಂದು ಎಲ್ಲೂ ಕಾಣಲಿಲ್ಲ. ಕಟ್ಟೆ ಹಿಡಿದು ಇಣುಕಿದೆ. ತುಂಬಿದ ಟಾಕಿಯಲ್ಲಿ ಅದು ಈಸುತ್ತಿತ್ತು! ಅದರ ಕಾಲು ನೆಲ ಬಿಟ್ಟದ್ದೇ ಅವತ್ತು ಮೊದಲು. ಯಾರೂ ಕಲಿಸಿದ್ದಿಲ್ಲ. ಮುಳುಗಿತು, ಎದ್ದಿತು, ರೆಕ್ಕೆ ಬಡಿಯಿತು. ಒಂದಲ್ಲ, ಹತ್ತಾರು ಪುಕ್ಕ ತೇಲುತ್ತಿದ್ದವು. ಅದರ ಹೊಲಸೂ ತೇಲುತ್ತಿತ್ತು. ನನಗೆ ಅಳುವೇ ಬಂತು. ಕೈ ಹಾಕಿದರೆ ಆ ಮೂಲೆಗೆ ಸರಿಯಿತು.

"ಬಾರಲೇ, ನಿನ್ನ ಕಾಲ ಬೀಳ್ತೇನಿ, ಜಲ್ದಿ ಬಾ," ಅಂದೆ. ಬೆನ್ನ ಹಿಂದೆ ಬಳೆಯ ಸಪ್ಪಳವಾಯಿತು.

ನೆಗೆಣ್ಣಿ ಬಂದು ಪಕ್ಕದಲ್ಲಿ ನಿಂತರು. ಬೈಗುಳಕ್ಕೆ ಕಾದೆ. ಅವರು ಟಾಕಿಯೊಳಗೇ ನೋಡುತ್ತಿದ್ದರು. ಬಾತು ಬಾಲ ಮೇಲೆ ಮಾಡಿ ಮತ್ತೊಮ್ಮೆ ಮುಳುಗಿತು.

"ತಪ್ಪಾತ್ರಿ ಅಕ್ಕಾರ," ಅಂದೆ. "ಟಾಕಿ ನಾನ ತೊಳೀತೇನಿ. ಇವನ್ನ ಮಾತ್ರ ಸಂತಿಗೆ ಕಳಸಬ್ಯಾಡ್ರಿ. ತಡೀರಿ, ಈಗ ಹೊರಗ ತಗೀತೇನಿ."

"ತಗೀಬ್ಯಾಡ."

ದನಿ ಎಂದಿನ ಹಾಗೆಯೇ ಬಿರುಸಾಗಿತ್ತು. ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡೆ.

"ನೀರಂತೂ ಹೊಲಸಾತು, ಇನ್ನ ಇದನ್ನ ಯಾರ ಕುಡೀತಾರ? ಆ ಇನ್ನೊಂದು ಯಾಕ ದಂಡಿಮ್ಯಾಲ ನಿಂತ ಒದರಾಕತ್ತೈತಿ? ಅದನ್ನೂ ಬಿಡು."

ನಾನು ಪೆದ್ದಿಯ ಹಾಗೆ ಅವರ ಮುಖ ನೋಡಿದೆ.

"ಏನ ನೋಡ್ತಿ? ಬಿಡು ಅಂದ್ನೆಲ್ಲ! ಹೊತ್ತ ಮುಣಗೂತನಕ ಈಸಲಿ. ಆಮ್ಯಾಲ ಟಾಕಿ ನೀನ ತಿಕ್ಕಬೇಕ. ಮುಂದಿನ ನಳ ಬರೂತನಕ ಹೊರಗಿಂದ ನೀರೂ ನೀನ ಹೊರಬೇಕ."

ಎರಡನೆಯದನ್ನು ಎತ್ತಿ ನೀರಿಗೆ ಬಿಟ್ಟೆ. ಅದರ ಒದರಾಟ ಅಲ್ಲಿಗೇ ನಿಂತಿತು. ನೆಗೆಣ್ಣಿ ಸೀರೆಯ ನಿರಿಗೆ ಸರಿಮಾಡಿಕೊಂಡು ಟಾಕಿಯ ಕಟ್ಟೆಯ ಮೇಲೆ ಕುಳಿತರು. ನಾನು ಈ ಮನೆಗೆ ಬಂದಾಗಿನಿಂದ, ನಳ ಬಂದ ದಿನ ಅವರು ಕುಳಿತದ್ದನ್ನು ನೋಡಿರಲಿಲ್ಲ.