ಅಧ್ಯಕ್ಷರ ಹೆಸರು ಹೊಲಿದ ದೊಕ್ಸು

ಗಡಿ ಕಾಯುವ ಹುಡುಗರ ಬಂದೂಕಿನಿಂದ ಬೋಲ್ಟ್ ಕಿತ್ತುಕೊಂಡರಲ್ಲ, ಆ ಸಿಟ್ಟು ಮಾ ದೊಕ್ಸುವಿಗೆ ಇವತ್ತಿಗೂ ಇಳಿದಿಲ್ಲ. ಸೊಲ್ಗೊಕ್ ಪೇಟೆಯಲ್ಲಿ ಯಾರಾದರೂ ಆಗಿನ ದೇಶಾಧ್ಯಕ್ಷನ ಮಾತೆತ್ತಿದರೆ ಸಾಕು, ಕೈಯಲ್ಲಿದ್ದ ಸೂಜಿಯನ್ನು ಮೆತ್ತೆಗೆ ಚುಚ್ಚಿಟ್ಟು ಶುರುಮಾಡುತ್ತಾನೆ.

"ಬೋಲ್ಟ್ ಇಲ್ದಿರೋ ಬಂದೂಕು ಅಂದ್ರೆ ಏನ್ ಗೊತ್ತೇನ್ರೀ? ಬಟ್ಟೆ ಒಣಹಾಕೋ ಕೋಲು! ಬೇಲಿಯಾಚೆ ಬಡಗಣದವರು ದುರ್ಬೀನು ಹಿಡ್ಕೊಂಡು ನೋಡ್ತಾ ಇದಾರೆ, ಈಚೆ ನಮ್ ಹುಡುಗ್ರು ಕೋಲು ಹಿಡ್ಕೊಂಡು ಸೆಲ್ಯೂಟ್ ಹೊಡೀತಾ ಇದಾರೆ. ಯಾಕೆ? ಅಧ್ಯಕ್ಷರಿಗೆ ಭಯ. ಬಡಗಣದವರ ಭಯ ಅಲ್ಲ ಸ್ವಾಮಿ, ನಮ್ ಹುಡುಗ್ರ ಭಯ!"

ಕೇಳುವವರು ನಗುತ್ತಾರೆ. ದೊಕ್ಸು ನಗುವುದಿಲ್ಲ.

ಅವನ ಅಂಗಡಿ ಬಸ್ ನಿಲ್ದಾಣದ ಎದುರಿಗೇ ಇದೆ. ಸಮವಸ್ತ್ರದ ಮೇಲೆ ಹೆಸರಿನ ಪಟ್ಟಿ, ದರ್ಜೆಯ ಪಟ್ಟಿ, ಡಿವಿಜನ್ನಿನ ಬಿಲ್ಲೆ ಹೊಲಿಯುವುದು ಅವನ ಕಸುಬು. ಗಡಿಯ ಪೇಟೆಯಲ್ಲಿ ಸೈನಿಕರಿದ್ದರೆ ಅನ್ನ, ಇಲ್ಲದಿದ್ದರೆ ಗಾಳಿ. ಶಾಲೆ ಅವನಿಗೆ ಒಗ್ಗಲಿಲ್ಲ. ನಮ್ಮಲ್ಲಿ ಪ್ರತಿ ಗಂಡಸಿಗೂ ಕಡ್ಡಾಯವಾದ ಸೈನ್ಯಸೇವೆಗೆ ಎಲ್ಲರಂತೆ ಬಂದ, ಈ ಗಡಿಯ ಡಿವಿಜನ್ನಿನಲ್ಲೇ ಹಿಮ ಗುಡಿಸಿದ, ಬೇಲಿ ಕಾದ. ಬಿಡುಗಡೆಯಾದ ಮೇಲೆ ಊರಿಗೆ ಹೋಗಲಿಲ್ಲ. ನೂಡಲ್ ಅಂಗಡಿಯವನ ಮಗಳನ್ನು ಮದುವೆಯಾಗಿ ಇಲ್ಲೇ ಹೊಲಿಗೆ ಮೆಷಿನ್ನು ಹಾಕಿಕೊಂಡು ಕೂತ. ಸಿಟ್ಟು ಮೂಗಿನ ತುದಿಯಲ್ಲಿ. ಆದರೆ ಹೊಲಿಗೆ ಮಾತ್ರ ನೆಟ್ಟಗೆ.

ಅವನಿಗೆ ರಾಜಕೀಯ ಗೊತ್ತಾಗುತ್ತಿದ್ದುದು ಪತ್ರಿಕೆಯಿಂದಲ್ಲ, ಹೆಸರಿನ ಪಟ್ಟಿಯಿಂದ. ಆ ಅಧ್ಯಕ್ಷ ಗೆದ್ದು ಬಂದ ವರ್ಷ ಡಿವಿಜನ್ನಿನ ಜನರಲ್ ಪದೇ ಪದೇ ಬದಲಾದ. ಒಬ್ಬನ ಹೆಸರು ಹೊಲಿದು ದಾರ ಕತ್ತರಿಸುವಷ್ಟರಲ್ಲಿ ಇನ್ನೊಬ್ಬನ ಹೆಸರು ಬರುತ್ತಿತ್ತು. ಒಬ್ಬ ಹಿಂದಿನ ಅಧ್ಯಕ್ಷನ ಕಡೆಯವನಂತೆ. ಇನ್ನೊಬ್ಬ ಫೋನಿನಲ್ಲಿ "ಆಗಲಿ" ಅನ್ನುವ ಮುಂಚೆ ಒಂದು ಉಸಿರು ತಡಮಾಡಿದನಂತೆ. ಸೈನ್ಯ ತನ್ನ ಮೇಲೆ ತಿರುಗಿಬೀಳುತ್ತದೆ ಎಂದು ಅಧ್ಯಕ್ಷನಿಗೆ ಅನುಮಾನ. ಒಂದು ದಿನವೂ ಬೂಟು ಕಟ್ಟದವನು ನಮಗೆ ಯುದ್ಧ ಹೇಳಿಕೊಡುತ್ತಾನೆ ಎಂದು ಜನರಲ್‌ಗಳಿಗೆ ತಾತ್ಸಾರ. ಮೊಣಕಾಲು ಸರಿಯಿಲ್ಲ ಎಂದು ವಯಸ್ಸಿನಲ್ಲಿ ಸೈನ್ಯ ತಪ್ಪಿಸಿಕೊಂಡಿದ್ದವನು, ಚುನಾವಣೆ ಬಂದಾಗ ಬೆಟ್ಟದ ತುದಿಯಲ್ಲಿ ನಿಂತು ಕೈಬೀಸುವ ಚಿತ್ರ ತೆಗೆಸಿಕೊಂಡಿದ್ದ. ದೇವರು ದೊಡ್ಡವನು, ವೋಟಿನ ಕಾಲಕ್ಕೆ ಮೊಣಕಾಲು ವಾಸಿಮಾಡಿದ.

ಇನ್ನು ಬೊಂಗ್ ಇಲ್‌ಮು. ಡಿವಿಜನ್ನಿನ ಅತಿ ಹಿರಿಯ ಸಾರ್ಜೆಂಟ್. ದೊಕ್ಸು ಹೊಸ ಸಿಪಾಯಿಯಾಗಿ ಬಂದಾಗ ಒದ್ದವನೂ ಅವನೇ, ಜ್ವರ ಬಂದಾಗ ಗಂಜಿ ಕುಡಿಸಿದವನೂ ಅವನೇ. ಅಂದಿನಿಂದ ಅವನು ದೊಕ್ಸುವಿಗೆ 'ಅಣ್ಣ', ಅವನ ಹೆಂಡತಿ 'ಅತ್ತಿಗೆ'. ಬರುವ ವಸಂತದಲ್ಲಿ ಬೊಂಗ್ ನಿವೃತ್ತನಾಗುವವನಿದ್ದ. ಆ ದಿನ ಮೈದಾನದಲ್ಲಿ ಪೂರ್ತಿ ಡಿವಿಜನ್ ಸಾಲಾಗಿ ನಿಲ್ಲುತ್ತದೆ, ವಾದ್ಯ ಬಾರಿಸುತ್ತಾರೆ, ತೆರೆದ ಜೀಪಿನಲ್ಲಿ ಗಂಡ ಹೆಂಡತಿ ಇಬ್ಬರೂ ನಿಂತು ಸೆಲ್ಯೂಟ್ ಸ್ವೀಕರಿಸುತ್ತಾರೆ. ಬೊಂಗ್‌ಗೆ ಅದರ ಆಸೆ ಅಷ್ಟಿರಲಿಲ್ಲ. ಅತ್ತಿಗೆಗೆ ಇತ್ತು. ಗಂಡನ ಹಿಂದೆ ಒಂದು ಸೋರುವ ಕ್ವಾರ್ಟರ್ಸಿನಿಂದ ಇನ್ನೊಂದು ಸೋರುವ ಕ್ವಾರ್ಟರ್ಸಿಗೆ ಉಪ್ಪಿನಕಾಯಿ ಜಾಡಿ ಹೊತ್ತುಕೊಂಡು ಹೋಗುವುದರಲ್ಲೇ ಆಕೆಯ ಪ್ರಾಯ ಕಳೆದಿತ್ತು.

"ದೊಕ್ಸಪ್ಪಾ, ಈ ಮನುಷ್ಯ ಜನ್ಮಪೂರ್ತಿ ಕಂಡಕಂಡವರಿಗೆಲ್ಲ ಸೆಲ್ಯೂಟ್ ಹೊಡೆದ. ಒಂದೇ ಒಂದು ದಿನ ನನಗೂ ಹೊಡೀಲಿ ಎಲ್ರೂ," ಅನ್ನುತ್ತಿದ್ದಳು. ಅದಕ್ಕೆಂದೇ ತಿಳಿನೀಲಿ ರೇಷ್ಮೆಯ ಉಡುಗೆ ಹೊಲಿಸಿಟ್ಟಿದ್ದಳು.

ಚಳಿಗಾಲದ ನಡುವೆ ಸುದ್ದಿ ಬಂತು: ಅಧ್ಯಕ್ಷರು ಗಡಿಗೆ ಬರುತ್ತಾರೆ. ಸೈನ್ಯಕ್ಕೂ ಅವರಿಗೂ ಆಗಿಬರುವುದಿಲ್ಲ ಎಂಬ ಮಾತು ದೇಶವೆಲ್ಲ ಹಬ್ಬಿತ್ತಲ್ಲ, ಅದನ್ನು ಒರೆಸಿಹಾಕಬೇಕಿತ್ತು. ಒರೆಸುವ ಉಪಾಯ ಏನು? ಜಾಕೆಟ್ಟು! ಗಡಿಗೆ ಬಂದ ಅಧ್ಯಕ್ಷರು ಹೆಸರು ಹೊಲಿದ ಸೈನ್ಯದ ಜಾಕೆಟ್ಟು ತೊಡುವುದು ನಮ್ಮಲ್ಲಿ ರೂಢಿ. ಈ ಸಲ ಆ ಹೆಸರನ್ನು ಗಡಿ ಪೇಟೆಯ ಬಡ ದರ್ಜಿಯೊಬ್ಬ ಅವರೆದುರೇ ಹೊಲಿಯಬೇಕು, ಕ್ಯಾಮೆರಾ ಅದನ್ನು ಹಿಡಿಯಬೇಕು ಎಂದು ರಾಜಧಾನಿಯಲ್ಲಿ ಯಾವುದೋ ಬುದ್ಧಿವಂತ ತಲೆಗೆ ಹೊಳೆಯಿತು. ದರ್ಜಿಯನ್ನು ಹುಡುಕುವ ಕೆಲಸ ಡಿವಿಜನ್ನಿಗೆ ಆಗ ಹೊಸದಾಗಿ ಬಂದಿದ್ದ ಜನರಲ್ ನಾಮ್‌ಗುಂಗ್‌ನಿಂದ ಕೆಳಗಿಳಿದು ಇಳಿದು ಬೊಂಗ್‌ನ ತಲೆಗೆ ಬಂತು.

"ನಾನು ಬಡ ದರ್ಜಿನಾ?" ಎಂದು ದೊಕ್ಸು ಎಗರಾಡಿದ.

"ಚಿತ್ರದಲ್ಲಿ ಬಡವ ಕಣೋ. ಹಳೇ ಸ್ವೆಟರ್ ಹಾಕ್ಕೊಂಡು ಬಾ," ಅಂದ ಬೊಂಗ್.

ಹೊರಡುವಾಗ ಹೆಂಡತಿ ಬಾಗಿಲಲ್ಲಿ ನಿಂತು, "ರೀ, ಕೈ ಮಾತ್ರ ಆಡ್ಲಿ, ನಾಲಿಗೆ ಬೇಡ," ಅಂದಳು. ಆ ಹೆಂಗಸಿನ ಮಾತು ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಡಿವಿಜನ್ನಿನ ಊಟದ ಕೋಣೆಗೆ ಮೆಷಿನ್ನು ಸಾಗಿಸಿದರು. ಕಪ್ಪು ಸೂಟಿನ ಕಾವಲಿನವರು ದೊಕ್ಸುವಿನ ಕಾಲುಚೀಲದೊಳಗೂ ಕೈಹಾಕಿ ನೋಡಿದರು. ಅದನ್ನೂ ಸಹಿಸಿಕೊಂಡ. ಆಮೇಲೆ ಮೂಲೆಯಲ್ಲಿ ಕಂಡದ್ದನ್ನು ಸಹಿಸಲಾಗಲಿಲ್ಲ. ಕಂಬಳಿ ಹಾಸಿ ಅದರ ಮೇಲೆ ಬಂದೂಕಿನ ಬೋಲ್ಟ್‌ಗಳನ್ನು ಮೀನು ಒಣಹಾಕಿದ ಹಾಗೆ ಸುರಿದಿದ್ದರು. ಒಬ್ಬ ಸೂಟಿನವನು ಕುರ್ಚಿ ಹಾಕಿಕೊಂಡು, ಮೊಟ್ಟೆಗೆ ಕಾವು ಕೊಡುವ ಕೋಳಿಯಂತೆ, ಅದನ್ನೇ ಕಾಯುತ್ತ ಕೂತಿದ್ದ. ಕಿಟಕಿಯಾಚೆ ಹಿಮದಲ್ಲಿ ಹುಡುಗರು ಬರೀ ಕೋಲಾದ ಬಂದೂಕು ಹೆಗಲಿಗಿಟ್ಟು ನಿಂತಿದ್ದರು.

"ಅಣ್ಣಾ, ಇದೇನಿದು?"

"ನೋಡ್ಬೇಡ. ಮೆಷಿನ್ನಿಗೆ ಎಣ್ಣೆ ಬಿಡು," ಅಂದ ಬೊಂಗ್. ಆದರೆ ಅವನ ದವಡೆ ಕಲ್ಲಾಗಿತ್ತು.

ಚಿತ್ರದ ತಂಡದ ಒಬ್ಬಳು ಹುಡುಗಿ ಓಡಿಬಂದು ದೊಕ್ಸುವಿನ ಮುಖಕ್ಕೆ ಪೌಡರು ಬಳಿದಳು. "ಯಜಮಾನ್ರೇ, ಕ್ಯಾಮೆರಾ ಮರ್ತುಬಿಡಿ. ಸುಮ್ನೆ ಗೊಂಬೆ ಥರ ಕೂರ್ಬೇಡಿ. ಗಿರಾಕಿ ಜೊತೆ ದಿನಾ ಹೇಗೆ ಮಾತಾಡ್ತೀರೋ ಹಾಗೇ ಮಾತಾಡಿ."

"ಹಾಗೇನಾ?"

"ಹಾಗೇ. ಸಹಜವಾಗಿರ್ಲಿ."

ಅಧ್ಯಕ್ಷರು ಬಂದರು. ಟಿವಿಯಲ್ಲಿ ಕಾಣುವುದಕ್ಕಿಂತ ಗಿಡ್ಡ. ತಲೆಗೂದಲು ಹೊಸ ಬೂಟಿನಷ್ಟು ಕಪ್ಪು. ಹಿಂದೆ ಜನರಲ್ ನಾಮ್‌ಗುಂಗ್, ಅವನ ಹಿಂದೆ ಕರ್ನಲ್‌ಗಳ ಹಿಂಡು. ಅಧ್ಯಕ್ಷರು ಜನರಲ್‌ನ ಕಡೆ ತಿರುಗಿಯೂ ನೋಡಲಿಲ್ಲ. ನೇರ ದೊಕ್ಸುವಿನ ಹತ್ತಿರ ಬಂದು ಎರಡೂ ಕೈಯಿಂದ ಕೈ ಹಿಡಿದರು. ಹತ್ತಿಯ ಹಾಗಿತ್ತು ಆ ಕೈ.

"ಎಷ್ಟು ವರ್ಷದಿಂದ ಈ ಕೆಲ್ಸ ಮಾಡ್ತಿದೀರಿ?"

"ಹುಡುಗನಾಗಿದ್ದಾಗಿಂದ್ಲೂ ಇದೇ ಸಾಹೇಬ್ರೇ."

"ನಿಮ್ಮಂಥೋರೇ ನಿಜವಾದ ದೇಶರಕ್ಷಕರು!"

ನಿಜ ಹೇಳಬೇಕಲ್ಲ, ದೊಕ್ಸುವಿನ ಸಿಟ್ಟು ಅಷ್ಟಕ್ಕೇ ಕರಗಿತು. ಬೆಣ್ಣೆ ಹಚ್ಚಿದರೆ ಯಾರು ಜಾರುವುದಿಲ್ಲ? ಮೆಷಿನ್ನು ತುಳಿದ, ಹೆಸರಿನ ಪಟ್ಟಿ ನೆಟ್ಟಗೆ ಕೂರಿಸಿದ, ದಾರ ಹಲ್ಲಿನಲ್ಲಿ ಕಡಿದ. ಜಾಕೆಟ್ಟನ್ನು ಅಧ್ಯಕ್ಷರಿಗೆ ತೊಡಿಸಿ, ಗಿರಾಕಿಗೆ ಮಾಡುವ ಹಾಗೆ ಹೆಗಲ ಮೇಲೆ ಕೈಯಾಡಿಸಿ ಸುಕ್ಕು ತೆಗೆದ. ಹಾಗೆ ಮಾಡುವಾಗ ದಿನವೂ ಬಾಯಿಂದ ಬರುವ ಮಾತೇ ಅಂದೂ ಬಂತು.

"ಸಾಹೇಬ್ರು ಎಲ್ಲಿ ಸರ್ವಿಸ್ ಮಾಡಿದ್ದು?"

ನಮ್ಮಲ್ಲಿ ಇಬ್ಬರು ಗಂಡಸರು ಎದುರಾದರೆ ಮೊದಲು ಚಳಿಯ ಮಾತು, ಆಮೇಲೆ ಇದೇ ಮಾತು. ಕಟಿಂಗ್ ಶಾಪಿನವನು ಕೇಳುತ್ತಾನೆ, ಟ್ಯಾಕ್ಸಿಯವನು ಕೇಳುತ್ತಾನೆ, ಬೀಗರಾಗುವವರು ಕೇಳುತ್ತಾರೆ. ಒಂದೇ ಡಿವಿಜನ್ ಆದರೆ ಹೆಗಲ ಮೇಲೆ ಕೈ, ಬೇರೆಯಾದರೆ "ನಿಮ್ಮದು ಸುಖದ ಜಾಗ ಬಿಡಿ" ಎಂದು ಒಂದು ಚುಚ್ಚು. ದೊಕ್ಸು ಉಸಿರಾಡಿದಷ್ಟು ಸಲ ಕೇಳಿದ ಪ್ರಶ್ನೆ ಅದು.

ಅಧ್ಯಕ್ಷರ ನಗು ಮುಖದ ಮೇಲೇ ಗಟ್ಟಿಯಾಯಿತು.

"ನಂಗೆ... ಆಗ ಮೊಣಕಾಲು..." ಅಂದರು.

"ಅಯ್ಯೋ ಪಾಪ!" ಅಂದ ದೊಕ್ಸು, ಮನಸಾರೆ. "ಈಗ ಮೆಟ್ಟಿಲು ಗಿಟ್ಟಿಲು ಹತ್ತೋಕಾಗುತ್ತಾ?"

ಹಿಂದೆ ಒಬ್ಬ ಕರ್ನಲ್‌ಗೆ ಕೆಮ್ಮು ಬಂತು. ಇನ್ನೊಬ್ಬ ಟೋಪಿ ನೆಲಕ್ಕೆ ಬೀಳಿಸಿ ಅದನ್ನು ಹೆಕ್ಕಲು ಬಹಳ ಹೊತ್ತು ಬಗ್ಗಿದ. ಜನರಲ್ ನಾಮ್‌ಗುಂಗ್‌ನ ತುಟಿಯ ಒಂದು ಕೊನೆ ಮೇಲೆ ಹೋಗಿ ಕೆಳಗೆ ಬಂತು. ಅಷ್ಟನ್ನೇ ಅಧ್ಯಕ್ಷರು ನೋಡಿದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಗಿರಾಕಿ. ಇದು ಸೈನ್ಯದವರೇ ಕಲಿಸಿ ಕೂರಿಸಿದ ಆಟ ಎಂದು ಅಲ್ಲೇ ತೀರ್ಮಾನಿಸಿದರು. ಜಾಕೆಟ್ಟು ಬಿಚ್ಚಿ ಕುರ್ಚಿಗೆ ಎಸೆದು ಹೊರಟೇಹೋದರು. ಗಡಿಯ ಠಾಣೆಗೂ ಹೋಗಲಿಲ್ಲ. ಹುಡುಗರಿಗೆಂದು ತಂದಿದ್ದ ಹುರಿದ ಕೋಳಿ ಪೆಟ್ಟಿಗೆಯಲ್ಲೇ ತಣ್ಣಗಾಯಿತು.

ಅದೇ ವಾರ ಬಡಗಣದವರು ಸಮುದ್ರಕ್ಕೆ ಏನೋ ಒಂದು ಕ್ಷಿಪಣಿ ಹಾರಿಸಿದರು. ರಾಷ್ಟ್ರೀಯ ಭದ್ರತೆಯ ದೊಡ್ಡವರೆಲ್ಲ ಬಾಗಿಲು ಹಾಕಿಕೊಂಡು ಸಭೆ ಕೂತರು. ಸಮುದ್ರಕ್ಕೆ ಬಿದ್ದದ್ದರ ಮಾತು ಆಮೇಲೆ ಬಂತಂತೆ. ಮೊದಲು ಚರ್ಚೆಯಾದದ್ದು, ಆ ದರ್ಜಿಯನ್ನು ಆರಿಸಿದವರು ಯಾರು ಅನ್ನುವುದು! ಇಂಥವರ ಕೈಯಲ್ಲಿ ದೇಶ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವ ಜನ, ತಮ್ಮ ಮೊಣಕಾಲಿನ ಮಾತು ಬಂದರೆ ಮಾತ್ರ ಯುದ್ಧ ಸಾರುತ್ತಾರೆ.

ತನಿಖೆಯವರು ಸೊಲ್ಗೊಕ್‌ಗೆ ಬಂದಿಳಿದರು. ನಕ್ಕ ಜನರಲ್ ನಾಮ್‌ಗುಂಗ್, "ನನಗೇನೂ ಗೊತ್ತಿಲ್ಲ, ಸಾರ್ಜೆಂಟ್ ಕರ್ಕೊಂಡು ಬಂದಿದ್ದು" ಎಂದು ಕೈ ತೊಳೆದುಕೊಂಡ. ಎರಡು ನಕ್ಷತ್ರದ ಎದೆಯೊಳಗೆ ಇಲಿಯಷ್ಟು ಧೈರ್ಯವೂ ಇರಲಿಲ್ಲ. ಇದು ಕಿವಿಗೆ ಬಿದ್ದದ್ದೇ ದೊಕ್ಸು ಅಂಗಡಿಗೆ ಬೀಗ ಜಡಿದು ಹೊರಟ. ತನ್ನ ನಾಲಿಗೆಯಿಂದಾದದ್ದನ್ನು ತಾನೇ ಹೇಳಿಬಿಡುವುದು ಅವನ ಇರಾದೆ. ಬೊಂಗ್ ದಾರಿಯಲ್ಲೇ ಸಿಕ್ಕ. ಕುತ್ತಿಗೆಪಟ್ಟಿ ಹಿಡಿದು ವಾಪಸ್ ಎಳೆತಂದು, ಬೀಗ ತೆಗೆಸಿ ಅಂಗಡಿಯೊಳಕ್ಕೆ ನೂಕಿದ.

"ಎಲ್ಲಿಗೋ?"

"ಬಿಡಣ್ಣ! ಬಾಯಿಗೆ ಬಂದಿದ್ದು ಕೇಳ್ದೆ, ಯಾರೂ ಹೇಳ್ಕೊಡ್ಲಿಲ್ಲ ಅಂತ ಅವ್ರ ಮುಖಕ್ಕೇ ಹೇಳ್ತೀನಿ."

"ನಂಬ್ತಾರೇನೋ ಪೆದ್ದ? ಅವ್ರಿಗೆ ಬೇಕಾಗಿರೋದು ಹೇಳ್ಕೊಟ್ಟೋನು. ಯಾರೂ ಇಲ್ಲ ಅಂದ್ರೆ ನಿನ್ನನ್ನ ಒಣಮೀನು ಬಡಿದ ಹಾಗೆ ಬಡೀತಾರೆ. ಅಂಗಡಿಗೆ ಸೈನಿಕರು ಕಾಲಿಡಬಾರದು ಅಂತ ಒಂದು ಬೋರ್ಡು ಹಾಕಿದ್ರೆ ಮುಗೀತು, ನಿನ್ ಹೆಂಡ್ತಿ ಮಕ್ಳು ಏನ್ ತಿಂತಾರೆ?"

"ಅದಕ್ಕೆ?"

"ಅದಕ್ಕೆ ನಾನೇ ಹೇಳ್ಕೊಟ್ಟೆ ಅಂದುಬಿಟ್ಟೆ."

ದೊಕ್ಸುವಿಗೆ ಸಿಟ್ಟು ಬಂತು. "ನಿನ್ನ ಪೆರೇಡು? ಅತ್ತಿಗೆ?"

"ಅವಳಿಗೆ ಹೇಳಿದೀನಿ."

"ಏನಂದ್ರು?"

"ನಾಳೆಗೆ ಎಲೆಕೋಸು ತರ್ಬೇಕು ಅಂದ್ಲು."

"ನಾನು ಹೋಗಿ ನಿಜ ಹೇಳ್ತೀನಣ್ಣ, ನನ್ನ ತಡೀಬೇಡ!"

"ಹೋಗು. ಈಗ ನಾನು ಬರೆದು ಸಹಿ ಹಾಕಿದೀನಿ. ನೀನು ನಿಜ ಹೇಳಿದ್ರೆ ನಂದು ಸುಳ್ಳು ಹೇಳಿಕೆ ಆಗತ್ತೆ, ಬರೋ ಪಿಂಚಣಿಯೂ ಹೋಗಿ ಜೈಲೂ ಆಗತ್ತೆ. ಹೋಗಪ್ಪಾ, ಹೇಳು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬೊಂಗ್‌ನನ್ನು ವಸಂತಕ್ಕೆ ಮೊದಲೇ ಮನೆಗೆ ಕಳಿಸಿದರು. ವಾದ್ಯವಿಲ್ಲ, ಜೀಪಿಲ್ಲ. ಕಚೇರಿಯಲ್ಲಿ ಒಬ್ಬ ಗುಮಾಸ್ತ ಕಾಗದ ಚಾಚಿದ, ಬೊಂಗ್ ಸಹಿ ಮಾಡಿದ. ಜನರಲ್ ನಾಮ್‌ಗುಂಗ್‌ಗೆ ಅಂದೇ ರಾಜಧಾನಿಯಲ್ಲಿ ಏನೋ ತುರ್ತು ಕೆಲಸವಿತ್ತು. ಬಸ್ ನಿಲ್ದಾಣಕ್ಕೆ ಗಂಡ ಹೆಂಡತಿ ಗಂಟುಮೂಟೆ ಹೊತ್ತು ಬಂದರು. ಅತ್ತಿಗೆ ದಪ್ಪ ಕಂದು ಕೋಟು ಹಾಕಿದ್ದಳು. ದೊಕ್ಸು ಅಂಗಡಿಯಿಂದ ಓಡಿಹೋಗಿ ರಸ್ತೆ ಮಧ್ಯೆ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ. "ಕೈ ಇಳ್ಸೋ, ಬಸ್ಸಿಗೆ ಅಡ್ಡ ನಿಂತಿದೀಯ," ಅಂದ ಬೊಂಗ್. ಅತ್ತಿಗೆ ಕಿಟಕಿ ಪಕ್ಕ ಕೂತು ತಲೆಬಟ್ಟೆ ಸರಿಮಾಡಿಕೊಂಡಳು.

ಅಧ್ಯಕ್ಷನ ಅವಧಿ ಮುಗಿಯಿತು. ಈಗ ಊರೂರಿಗೆ ಹೋಗಿ, ಸೈನ್ಯವನ್ನು ಹದ್ದುಬಸ್ತಿನಲ್ಲಿಡುವುದು ಹೇಗೆ ಎಂದು ಭಾಷಣ ಬಿಗಿಯುತ್ತಾನಂತೆ. ಕೇಳಲೂ ಜನ ಹೋಗುತ್ತಾರಂತೆ. ನಾಮ್‌ಗುಂಗ್‌ಗೆ ಮುಂದಿನ ಸರ್ಕಾರ ಇನ್ನೊಂದು ನಕ್ಷತ್ರ ಕೊಟ್ಟಿತು: ಹಳೆಯ ಅಧ್ಯಕ್ಷನಿಗೆ ಸೊಪ್ಪು ಹಾಕದ ಗಂಡೆದೆಯವನು ಅಂತೆ! ಆ ನಕ್ಷತ್ರ ಹೊಲಿಯಲು ಆಳು ಬಂದಾಗ ದೊಕ್ಸು, "ದಾರ ಖಾಲಿ" ಅಂದ. ಗೋಡೆಯ ತುಂಬ ದಾರದ ಉಂಡೆಗಳಿದ್ದವು.

ಬೊಂಗ್ ಈಗ ದಕ್ಷಿಣದ ಕಡಲ ದಂಡೆಯ ತನ್ನ ಹುಟ್ಟೂರಿನಲ್ಲಿ ತಿನ್ನುವ ಸಿಂಪಿಚಿಪ್ಪು ಬೆಳೆಯುತ್ತಾನೆ. ಪ್ರತಿ ಹೊಸವರ್ಷದ ಹಬ್ಬಕ್ಕೆ ದೊಕ್ಸು ಬಸ್ಸು ಬದಲಿಸುತ್ತ ಬದಲಿಸುತ್ತ ಅಲ್ಲಿಗೆ ಹೋಗುತ್ತಾನೆ. ಹಿರಿಯರು ನೆಲದ ಮೇಲೆ ಕೂತಿರಬೇಕು, ಕಿರಿಯನು ಹಣೆ ನೆಲಕ್ಕೆ ತಾಗಿಸಬೇಕು. ಹಾಗೆ ಕೂತು ಸ್ವೀಕರಿಸಿದರೆ ಮಾತ್ರ ಆ ನಮಸ್ಕಾರ ಸಲ್ಲುತ್ತದೆ. ಹಾಗೊಂದು ಸಲ ಬಗ್ಗಿ, ಒಳಗಿರುವುದನ್ನು ಹೇಳಿಬಿಡಬೇಕು ಅನ್ನುವುದು ಅವನ ಲೆಕ್ಕ. ಬೊಂಗ್ ಬಿಡುವುದಿಲ್ಲ. ದೊಕ್ಸು ಮಂಡಿಯೂರಿದ ಕೂಡಲೇ ತಾನೂ ಎದ್ದು ಎದುರಿಗೆ ಮಂಡಿಯೂರುತ್ತಾನೆ. ಇಬ್ಬರ ತಲೆಯೂ ಒಟ್ಟಿಗೆ ಬಗ್ಗುತ್ತದೆ. ಸಮಾನರು ಸಮಾನರಿಗೆ ಮಾಡುವ ನಮಸ್ಕಾರವಾಗಿ ಮುಗಿಯುತ್ತದೆ.

"ಅಣ್ಣಾ, ನೀನು ಕೂತ್ಕೊಳಣ್ಣ!"

"ಹೊಟ್ಟೆ ಹಸೀತಿದೆ ಕಣೋ, ಆಟ ಸಾಕು."

ಈ ವರ್ಷ ದೊಕ್ಸು ಅವನನ್ನು ಬಿಟ್ಟು, ಮೂಲೆಯಲ್ಲಿ ಸಿಂಪಿ ಬಿಡಿಸುತ್ತ ಕೂತಿದ್ದ ಅತ್ತಿಗೆಯ ಕಡೆ ತಿರುಗಿದ. ಎರಡೂ ಕೈ ಜೋಡಿಸಿ ಹಣೆಗಿಟ್ಟುಕೊಂಡು, "ಅತ್ತಿಗೆ, ಆವತ್ತಿಂದು ನಿಮಗೆ..." ಎಂದು ಬಗ್ಗಲು ಹೊರಟ.

ಆಕೆ ಬೋಗುಣಿ ಎತ್ತಿಕೊಂಡು ಎದ್ದುಬಿಟ್ಟಳು. "ಸಾರು ಉಕ್ಕುತ್ತೆ ದೊಕ್ಸಪ್ಪಾ, ಆಮೇಲೆ ನೋಡೋಣ," ಎಂದು ಅಡುಗೆಮನೆಗೆ ಹೋದಳು.

ಊಟವಾಯಿತು, ಹೆಂಡವಾಯಿತು, ಕೊನೆಯ ಬಸ್ಸಿನ ಹೊತ್ತೂ ಆಯಿತು. ಆಕೆ ಆ ಕೋಣೆಗೆ ಮತ್ತೆ ಬಂದು ಕೂರಲೇ ಇಲ್ಲ.